ಅವರೆಕಾಳಿನ ಗುಟ್ಟು ಬಿಡಿಸಿದ ಕಮಲಾ ಸೋಹೋನಿ: ಬೆಂಗಳೂರಲ್ಲಿ ಸೀಟು ನಿರಾಕರಿಸಿದರೂ ಛಲ ಬಿಡದ ವಿಜ್ಞಾನಿ

ಭಿವಂಡಿ, ಠಾಣೆ, ಕಲ್ಯಾಣದ ಕಿರಾಣಿ ಅಂಗಡಿಗಳಲ್ಲಿ ವಾಲ್ ಎಂದು ಕೇಳಿದರೆ ಸಿಗುವುದು ನಮ್ಮ ಅವರೆಕಾಳೇ. ಮರಾಠಿ ಮನೆಗಳಲ್ಲಿ ಅದನ್ನು ಮೊಳಕೆ ಬರಿಸಿ ಉಸಳ್ ಮಾಡಿದರೆ, ಅಲ್ಲಿ ನೆಲೆಸಿರುವ ಕನ್ನಡಿಗರು ಸಾರಿಗೆ ಹಾಕುತ್ತಾರೆ. ಆದರೆ ಎಲ್ಲ ಮನೆಯಲ್ಲೂ ನಿಯಮ ಒಂದೇ: ಕಾಳು ಚೆನ್ನಾಗಿ ಬೇಯಬೇಕು. ಇದರ ಹಿಂದಿನ ವಿಜ್ಞಾನವನ್ನು ಮುಂಬೈ ಪ್ರಯೋಗಾಲಯದಲ್ಲಿ ಹುಡುಕಿದವರು ಡಾ. ಕಮಲಾ ಸೋಹೋನಿ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ಅಪ್ಪ, ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆತನದಲ್ಲೇ ರಸಾಯನಶಾಸ್ತ್ರವಿತ್ತು. 1933ರಲ್ಲಿ ಮುಂಬೈನಲ್ಲಿ ಪದವಿ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು.

ಕಮಲಾ ಸುಮ್ಮನೆ ವಾಪಸಾಗಲಿಲ್ಲ. ರಾಮನ್ ಅವರ ಕಚೇರಿ ಎದುರೇ ಸತ್ಯಾಗ್ರಹಕ್ಕೆ ಕುಳಿತರು. ಕೊನೆಗೆ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು. ಮೊದಲ ವರ್ಷ ಕೇವಲ ಪರೀಕ್ಷಾವಧಿ. ಕೆಲಸದ ಗುಣಮಟ್ಟ ರಾಮನ್ ಅವರಿಗೆ ಒಪ್ಪಿಗೆಯಾಗುವವರೆಗೆ ಮಾನ್ಯತೆ ಇಲ್ಲ. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ದುಡಿದು 1936ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಆ ಬಳಿಕ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

ಮುಂದಿನ ನಿಲ್ದಾಣ ಕೇಂಬ್ರಿಜ್. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುವಾಗ ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನಿನ ಪಾತ್ರವನ್ನು ತೋರಿಸಿದರು. 1939ರಲ್ಲಿ ಅವರು ಸಲ್ಲಿಸಿದ ಪಿಎಚ್‌ಡಿ ಪ್ರಬಂಧ ಬರೀ 40 ಪುಟದ್ದು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಎಂದೇ ಅವರನ್ನು ಗುರುತಿಸಲಾಗುತ್ತದೆ.

ಅದೇ ವರ್ಷ ಸ್ವದೇಶಕ್ಕೆ ಮರಳಿ ದೆಹಲಿ, ಕೂನೂರುಗಳಲ್ಲಿ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೋಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಅವರ ಗಮನ ಮತ್ತೆ ಬೇಳೆಕಾಳುಗಳ ಮೇಲೆ ಹರಿಯಿತು.

ನಾವು ತಿಂದ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಮುಖ್ಯವಾದದ್ದು. ಮೇದೋಜೀರಕ ಗ್ರಂಥಿಯ ಕೋಶಗಳು ಅದನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತವೆ, ಸಣ್ಣ ಕರುಳಲ್ಲಿ ಅದು ಚುರುಕಾಗುತ್ತದೆ. ಹಸಿ ಕಾಳಿನಲ್ಲಿರುವ ಕೆಲವು ಪ್ರೋಟೀನುಗಳು ಈ ಕತ್ತರಿಯನ್ನೇ ಹಿಡಿದು ನಿಲ್ಲಿಸುತ್ತವೆ. ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಇಂಥ ತಡೆಕಾರಕಗಳನ್ನು ಸೋಹೋನಿ ಮತ್ತು ಕೆ.ಎಸ್. ಅಂಬೆ ಹರಳು ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೆನೆಸಿ ಬೇಯಿಸಿದಾಗ ಇವುಗಳ ಬಲ ಕುಗ್ಗುತ್ತದೆ, ಕಾಳಿನ ಪ್ರೋಟೀನ್ ದೇಹಕ್ಕೆ ದಕ್ಕುತ್ತದೆ. ಬೇಳೆಕಾಳನ್ನೇ ನೆಚ್ಚಿಕೊಂಡ ಬಡವರ ಊಟಕ್ಕೆ ಇದು ದೊಡ್ಡ ವಿಷಯವೇ.

ಆದಿವಾಸಿ ಮಕ್ಕಳು ಮತ್ತು ಗರ್ಭಿಣಿಯರ ಪೌಷ್ಟಿಕತೆಗೆ ನೀರಾ ನೆರವಾಗುವ ಬಗ್ಗೆಯೂ ಸಂಶೋಧನೆ ನಡೆಸಿದ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಇಷ್ಟಾದರೂ ಸಂಸ್ಥೆಯ ನಿರ್ದೇಶಕಿ ಹುದ್ದೆಗಾಗಿ ಅವರು ವರ್ಷಗಟ್ಟಲೆ ಕಾಯಬೇಕಾಯಿತು. ನಿವೃತ್ತಿಯ ನಂತರ ಆಹಾರ ಕಲಬೆರಕೆ ವಿರುದ್ಧ ಗ್ರಾಹಕರ ಪರ ದನಿಯಾದರು.

1996ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಅಚ್ಚರಿ ತಿಳಿಸಿದರು. ಪ್ರಾಣಿಗಳ ಜೀವಕೋಶ ಸಾಯುವ ಹೊತ್ತಿಗೆ, ಒಳಗಿನ ಪ್ರೋಟೀನುಗಳನ್ನು ತುಂಡರಿಸುವ ಕ್ಯಾಸ್ಪೇಸ್ ಕಿಣ್ವಗಳನ್ನು ಎಬ್ಬಿಸುವುದು ಅದೇ ಸೈಟೋಕ್ರೋಮ್ ಸಿ! ಎರಡು ವರ್ಷಗಳ ನಂತರ, 1998ರಲ್ಲಿ ಸೋಹೋನಿ ತೀರಿಕೊಂಡರು.

ಮುಂದಿನ ಸಲ ಕುಕ್ಕರಿಗೆ ಅವರೆಕಾಳು ಹಾಕುವಾಗ ಅವರನ್ನೊಮ್ಮೆ ನೆನೆಯಿರಿ.