ಶಾಸ್ತ್ರೀಜಿಯ ಹೃದಯ: ಫಾರ್ವರ್ಡ್‌ಗಳು ಹೇಳದೆ ಬಿಡುವ ಆರು ವರ್ಷಗಳ ಕಥೆ

ಅಕ್ಟೋಬರ್ 2 ಅಥವಾ ಜನವರಿ 11 ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಹರಿದಾಡುತ್ತದೆ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ತಾಷ್ಕೆಂಟ್‌ಗೆ ಹೋಗುವಾಗ ಪೂರ್ತಿ ಆರೋಗ್ಯವಾಗಿದ್ದರು, ಹೃದಯದ ತೊಂದರೆಯೇ ಇರಲಿಲ್ಲ, ಹಾಗಿದ್ದರೆ ಒಂದೇ ರಾತ್ರಿಯಲ್ಲಿ ತೀರಿಹೋದದ್ದು ಹೇಗೆ ಎಂಬುದು ಅದರ ಸಾರಾಂಶ. ಇನ್ನೊಂದು ಸಂದೇಶಕ್ಕೆ ತಿಥಿಯ ಹಂಗಿಲ್ಲ, ವರ್ಷವಿಡೀ ಬರುತ್ತದೆ: ಬಿಸಿನೀರಿಗೆ ಒಂದು ಚಮಚ ಖಾರದ ಪುಡಿ ಹಾಕಿ ಕುಡಿಸಿದರೆ ಹಾರ್ಟ್ ಅಟ್ಯಾಕ್ ಒಂದು ನಿಮಿಷದಲ್ಲಿ ನಿಲ್ಲುತ್ತದಂತೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಓದುಗರು ಎರಡನ್ನೂ ನಮಗೆ ಕಳಿಸಿ ನಿಜವೇ ಎಂದು ಕೇಳಿದ್ದಾರೆ. ಎರಡಕ್ಕೂ ಉತ್ತರ ಶಾಸ್ತ್ರಿಯವರ ಬದುಕಿನಲ್ಲೇ ಸಿಗುತ್ತದೆ.

ಹೃದ್ರೋಗಿಯಂತೆ ಕಾಣದ ಮನುಷ್ಯ

ಶಾಸ್ತ್ರಿ ಹುಟ್ಟಿದ್ದು 1904ರ ಅಕ್ಟೋಬರ್ 2ರಂದು, ಉತ್ತರ ಪ್ರದೇಶದ ಮೊಘಲ್‌ಸರಾಯ್‌ನಲ್ಲಿ. ತೀರ ಚಿಕ್ಕ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ರಾಮದುಲಾರಿ ದೇವಿ ತವರಿನ ಆಸರೆಯಲ್ಲಿ ಮಗನನ್ನು ಬೆಳೆಸಿದರು. ಕಾಶಿ ವಿದ್ಯಾಪೀಠದಲ್ಲಿ 1925ರಲ್ಲಿ ಪಡೆದ ಶಾಸ್ತ್ರಿ ಪದವಿಯೇ ಮುಂದೆ ಹೆಸರಿಗೆ ಅಂಟಿಕೊಂಡಿತು. ಜಾತಿ ಸೂಚಿಸುವ ಅಡ್ಡಹೆಸರನ್ನು ಅವರು ಅದಕ್ಕೂ ಮೊದಲೇ ಬಿಟ್ಟಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಜೈಲಿಗೆ ಹೋದರು. 1952ರಲ್ಲಿ ರೈಲ್ವೆ ಸಚಿವರಾದರು. 1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು ಬಳಿ ರೈಲು ಅಪಘಾತವಾದಾಗ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ಕುಳ್ಳಗಿನ, ತೆಳ್ಳಗಿನ ಮೈ. ಸಸ್ಯಾಹಾರ, ಸರಳ ಊಟ. ಹೃದಯದ ಕಾಯಿಲೆ ದಪ್ಪಗಿರುವವರಿಗೆ, ಮಾಂಸ ತಿನ್ನುವವರಿಗೆ ಮಾತ್ರ ಎಂದು ನಂಬಿದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 1959ರಲ್ಲಿ, ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಾಗಿದ್ದಾಗ, ಶಾಸ್ತ್ರಿಯವರಿಗೆ ಮೊದಲ ಹೃದಯಾಘಾತವಾಯಿತು. ಆಗ ಅವರ ವಯಸ್ಸು 55ರ ಆಸುಪಾಸು.

ಆಗ ಚಿಕಿತ್ಸೆ ಎಂದರೆ ಹಾಸಿಗೆ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ಪದರ ಕಟ್ಟಿರುತ್ತದೆ. ಒಂದು ದಿನ ಆ ಪದರ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ರಕ್ತ ಸಿಗದ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಇದೇ ಹೃದಯಾಘಾತ.

1959ರಲ್ಲಿ ಮುಚ್ಚಿದ ನಾಳವನ್ನು ತೆರೆಯುವ ವಿದ್ಯೆ ವೈದ್ಯರ ಕೈಯಲ್ಲಿರಲಿಲ್ಲ. ನೋವಿಗೆ ಮಾರ್ಫಿನ್, ಉಸಿರಿಗೆ ಆಮ್ಲಜನಕ, ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ, ಆಮೇಲೆ ವಾರಗಟ್ಟಲೆ ಹಾಸಿಗೆ. ಅಷ್ಟು ಮಲಗಿಸುವುದು ಬೇಡ ಎಂಬ ವಾದ ಆಗಷ್ಟೇ ಬಲ ಪಡೆಯುತ್ತಿತ್ತು. ಅಮೆರಿಕದ ವೈದ್ಯರಾದ ಸ್ಯಾಮುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದು ಎಂದು 1952ರಲ್ಲೇ ಬರೆದಿದ್ದರು. 1955ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಮೊದಲಿಗೆ ಅದನ್ನು ಅಜೀರ್ಣ ಎಂದೇ ಭಾವಿಸಲಾಗಿತ್ತು. ಅವರು ಚೇತರಿಸಿಕೊಂಡು ಮರುವರ್ಷ ಚುನಾವಣೆ ಗೆದ್ದರು, 1959ರ ಡಿಸೆಂಬರ್‌ನಲ್ಲಿ ದೆಹಲಿಗೂ ಬಂದು ಹೋದರು. ಹೃದಯಾಘಾತವಾದವರ ಬದುಕು ಮುಗಿಯಿತು ಎಂಬ ನಂಬಿಕೆ ಸಡಿಲಗೊಂಡ ಕಾಲ ಅದು.

ಶಾಸ್ತ್ರಿಯವರೂ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. 1961ರಲ್ಲಿ ಗೃಹ ಸಚಿವರಾದರು. 1964ರ ಮೇ 22ರಂದು ನಮ್ಮ ಉತ್ತರ ಕರ್ನಾಟಕಕ್ಕೆ ಬಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆ ಜಲಾಶಯಕ್ಕೆ ಇಂದಿಗೂ ಅವರದೇ ಹೆಸರು. ಅಡಿಗಲ್ಲು ಹಾಕಿದ ಐದನೇ ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ರಂದು ಶಾಸ್ತ್ರಿ ಪ್ರಧಾನಿಯಾದರು.

ಎರಡನೇ ಪೆಟ್ಟು

ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ಅವರಿಗೆ ಮತ್ತೆ ಹೃದಯಾಘಾತವಾಯಿತು. ಪೆಟ್ಟು ಸಣ್ಣದಾಗಿದ್ದರೂ ವೈದ್ಯರು ವಿಶ್ರಾಂತಿಗೆ ಹೇಳಿದರು. ಜುಲೈನಲ್ಲಿ ಲಂಡನ್‌ನಲ್ಲಿ ನಡೆದ ಕಾಮನ್‌ವೆಲ್ತ್ ಪ್ರಧಾನಿಗಳ ಸಭೆಗೆ ಅವರು ಹೋಗಲಾಗಲಿಲ್ಲ. ಟಿ.ಟಿ. ಕೃಷ್ಣಮಾಚಾರಿ ಮತ್ತು ಇಂದಿರಾ ಗಾಂಧಿ ಹೋಗಿಬಂದರು. ಗುಟ್ಟಾಗಿಟ್ಟ ವಿಷಯ ಇದಲ್ಲ. ಆದರೂ ಫಾರ್ವರ್ಡ್‌ಗಳಲ್ಲಿ ಇದು ಕಾಣುವುದೇ ಇಲ್ಲ.

ಎರಡನೇ ಬಾರಿ ಏಕೆ ಬರುತ್ತದೆ? ಹಾಳಾಗುವುದು ಒಂದೇ ನಾಳವಲ್ಲ. ಕೊಬ್ಬಿನ ಪದರ ಬೇರೆ ನಾಳಗಳಲ್ಲೂ ಇರುತ್ತದೆ. ಮೊದಲ ಪೆಟ್ಟಿನಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಉಳಿದು ಹೃದಯದ ಬಲ ಕುಗ್ಗಬಹುದು, ಬಡಿತದ ಲಯ ತಪ್ಪಬಹುದು. ನೋವು ಹೋದ ಮಾತ್ರಕ್ಕೆ ಕಾಯಿಲೆ ಹೋಯಿತು ಎಂದಲ್ಲ.

ಮುಂದಿನ ಹದಿನೆಂಟು ತಿಂಗಳು ಶಾಸ್ತ್ರಿಯವರಿಗೆ ಬಿಡುವಿರಲಿಲ್ಲ. ಆಹಾರದ ಕೊರತೆ, ವಾರಕ್ಕೊಂದು ಹೊತ್ತು ಊಟ ಬಿಡುವಂತೆ ದೇಶಕ್ಕೆ ಮನವಿ, 1965ರ ಯುದ್ಧ, ಯೋಧನಿಗೂ ರೈತನಿಗೂ ಒಟ್ಟಿಗೆ ಜೈಕಾರ ಹಾಕಿದ ಆ ಘೋಷಣೆ. 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅಂದು ನಡುರಾತ್ರಿ ಕಳೆದ ಮೇಲೆ ತಾವೇ ಎದ್ದು ಸಿಬ್ಬಂದಿಯ ಕೋಣೆಯ ಬಾಗಿಲಿಗೆ ಬಂದು ಡಾಕ್ಟರನ್ನು ಕರೆಸಲು ಕೇಳಿದರು ಎಂದು ನಿಯೋಗದಲ್ಲಿದ್ದವರು ಬರೆದಿದ್ದಾರೆ. ಅವರ ವೈದ್ಯ ಡಾ. ಆರ್.ಎನ್. ಚುಗ್ ಧಾವಿಸಿ ಬಂದರು, ಸೋವಿಯತ್ ವೈದ್ಯರೂ ಬಂದರು. ಜೀವ ಉಳಿಯಲಿಲ್ಲ. ವಯಸ್ಸು 61.

ವೈದ್ಯರು ಬರೆದ ಕಾರಣ ಹೃದಯಾಘಾತ. ಶವಪರೀಕ್ಷೆ ನಡೆಯಲಿಲ್ಲ, ಕುಟುಂಬದವರು ಪ್ರಶ್ನೆ ಎತ್ತಿದ್ದಾರೆ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಆದರೆ ಹೃದಯದ ತೊಂದರೆಯೇ ಇರಲಿಲ್ಲ ಎಂಬ ಮಾತು ಮಾತ್ರ ಸುಳ್ಳು. ಎರಡು ಬಾರಿ ಹೃದಯಾಘಾತವಾಗಿ, ಚೇತರಿಸಿಕೊಂಡು, ದೇಶ ನಡೆಸಿದ ಮನುಷ್ಯ ಅವರು.

ಅವರಿಗೆ ಸಿಗದದ್ದು, ನಮಗೆ ಸಿಕ್ಕಿದ್ದು

ಈಗ ದಿನಾಂಕಗಳನ್ನು ನೋಡಿ. ಬೈಪಾಸ್ ಶಸ್ತ್ರಚಿಕಿತ್ಸೆಗೆ ಫವಲೊರೊ ದಾರಿ ಮಾಡಿದ್ದು 1967ರಲ್ಲಿ. ಹೃದಯದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಮೊದಲು ನಡೆದದ್ದು 1977ರಲ್ಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಜೀವ ಉಳಿಸುತ್ತದೆ ಎಂದು ದೊಡ್ಡ ಅಧ್ಯಯನ ತೋರಿಸಿದ್ದು 1986ರಲ್ಲಿ, ಆಸ್ಪಿರಿನ್ ಬಗ್ಗೆ ಅಂಥದ್ದೇ ಪುರಾವೆ ಬಂದದ್ದು 1988ರಲ್ಲಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ದೇಶದ ಪ್ರಧಾನಿಗೆ ಸಿಗದಿದ್ದ ಔಷಧಿ ಇವತ್ತು ನಮ್ಮ ಅಪ್ಪ, ಕಾಕಾ, ದೊಡ್ಡವ್ವನ ಮಾತ್ರೆ ಡಬ್ಬಿಯಲ್ಲಿದೆ.

ಸಮಸ್ಯೆ ಏನೆಂದರೆ, ನಾವು ಆಸ್ಪತ್ರೆಗೆ ತಡವಾಗಿ ಹೋಗುತ್ತೇವೆ, ಮಾತ್ರೆಗಳನ್ನು ಬೇಗ ಬಿಡುತ್ತೇವೆ. ಎದೆ ಹಿಂಡಿದಂತಾದರೆ ಮಿರ್ಚಿ ತಿಂದದ್ದಕ್ಕೆ ಗ್ಯಾಸ್ ಆಗಿದೆ ಎಂದು ಸೋಡಾ ಕುಡಿದು ಮಲಗುತ್ತೇವೆ. ಎದೆಯ ಒತ್ತಡ, ಎಡಗೈ, ದವಡೆ ಅಥವಾ ಬೆನ್ನಿಗೆ ಹಬ್ಬುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಂಡರೆ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆಯೂ ಇರಬಹುದು. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ., ರಾಣೇಬೆನ್ನೂರಿನಿಂದ ದಾವಣಗೆರೆ ಸುಮಾರು 40 ಕಿ.ಮೀ. ನೇರವಾಗಿ ದೊಡ್ಡ ಊರಿಗೇ ಹೋಗೋಣ ಎಂದು ಬಾಡಿಗೆ ಗಾಡಿಗೆ ಕಾಯಬೇಡಿ. ಹತ್ತಿರದ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವುದೇ ಇದಕ್ಕಾಗಿ: ಅಲ್ಲೇ ಇಸಿಜಿ, ದೂರದಿಂದ ತಜ್ಞರ ಸಲಹೆ, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಖಾರದ ನೀರಿನ ಮಾತಿಗೆ ಬಂದರೆ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಜಗತ್ತೇ ಮಾರುಹೋಗಿದೆ, ನಮಗೂ ಹೆಮ್ಮೆ. ಆದರೆ ಅದು ಹೃದಯದ ನಾಳದ ಹೆಪ್ಪನ್ನು ಒಂದು ನಿಮಿಷದಲ್ಲಿ ಕರಗಿಸುತ್ತದೆ ಎನ್ನಲು ಪುರಾವೆ ಇಲ್ಲ. ಪ್ರಜ್ಞೆ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು.

ಮನೆಗೆ ಬಂದ ಮೇಲೆ

ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಸುಮಾರು ಒಂದು ವರ್ಷ ಎರಡು ಬಗೆಯ ಮಾತ್ರೆ, ಆಮೇಲೆ ಒಂದು ಬಗೆ, ಜೊತೆಗೆ ಸ್ಟ್ಯಾಟಿನ್ ಇರುತ್ತದೆ. ಆರಾಮಾಯಿತು, ಉಪವಾಸ ಇದೆ, ಹಲ್ಲು ಕೀಳಿಸಬೇಕು ಎಂದು ನಾವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ನಿಲ್ಲಿಸುವ ಮಾತು ವೈದ್ಯರದ್ದು. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಬೇಕು.

ತಿಂಗಳುಗಟ್ಟಲೆ ಮಲಗಿಸುವ ಕಾಲ ಮುಗಿದಿದೆ. ವೈದ್ಯರು ಹೇಳಿದ ದಿನದಿಂದ ಮನೆಯಂಗಳದಲ್ಲಿ ನಡಿಗೆ, ವಾರ ವಾರಕ್ಕೆ ಸ್ವಲ್ಪ ಹೆಚ್ಚು. ರಾಣೇಬೆನ್ನೂರಿನ ಬೀಜದಂಗಡಿಯಲ್ಲಿ ಕೂತು ಕೆಲಸ ಮಾಡುವವರು ಬೇಗ ಮರಳಬಹುದು, ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರಿಗೆ ಹೆಚ್ಚು ಸಮಯ ಬೇಕು. ಯಾವಾಗ, ಎಷ್ಟು ಭಾರ ಎಂದು ವೈದ್ಯರನ್ನೇ ಕೇಳಿ.

ಮುಂದಿನ ಜನವರಿ 11ರಂದು ಆ ಫಾರ್ವರ್ಡ್ ಮತ್ತೆ ಬರುತ್ತದೆ. ಅದನ್ನು ಮುಂದಕ್ಕೆ ಕಳಿಸುವ ಮೊದಲು, ಮನೆಯಲ್ಲಿ ಹೃದಯಾಘಾತವಾದ ಹಿರಿಯರಿದ್ದರೆ ಅಂದಿನ ಮಾತ್ರೆ ತೆಗೆದುಕೊಂಡರೇ ಎಂದು ಒಮ್ಮೆ ಕೇಳಿ.