ಜಲಪ್ರಳಯವು ಇಳಿದ ಬಳಿಕ ನೋಹನ ಜೀವಿತ

ನೋಹನ ಹೆಸರನ್ನು ಕೇಳದವರು ನಮ್ಮ ಬೀದರದಲ್ಲಿ ವಿರಳ. ನಾವು ಆತನ ಚರಿತ್ರೆಯನ್ನು ಆದಿಕಾಂಡದಲ್ಲಿ ಓದುತ್ತೇವೆ. ನೆರೆಯ ಮುಸಲ್ಮಾನ ಬಂಧುಗಳು ಆತನನ್ನು ಹಜರತ್ ನೂಹ್ ಎಂದು ಗೌರವಿಸುತ್ತಾರೆ. ಆದರೆ ಬಹುಜನರಿಗೆ ಈ ಚರಿತ್ರೆಯು ನಾವೆಯೊಡನೆ ಮುಗಿದುಹೋಗುತ್ತದೆ. ಪ್ರಳಯದ ಕಾಲಕ್ಕೆ ನೋಹನು 600 ವರುಷದವನು; ಅನಂತರವೂ 350 ವರುಷ ಬಾಳಿ, 950 ವರುಷದವನಾಗಿ ತೀರಿಕೊಂಡನೆಂದು ಆದಿಕಾಂಡದ 9ನೆಯ ಅಧ್ಯಾಯವು ತಿಳಿಸುತ್ತದೆ. ಆ ಕಡೆಯ ಭಾಗವನ್ನೇ ಇಲ್ಲಿ ಬರೆಯಬೇಕೆಂದು ನಾವು ಎಣಿಸಿದೆವು. ಯಾಕಂದರೆ ಶಾಲೆಯೂ ಒಂದು ನಾವೆಯಂಥದು. ಅದರೊಳಗೆ ಕೆಲವು ವರುಷ ಸುರಕ್ಷಿತರಾಗಿದ್ದ ಹೆಣ್ಣುಮಕ್ಕಳು ಬೀದರ, ಭಾಲ್ಕಿ, ಔರಾದಗಳ ಮನೆಗಳಿಗೆ ಹಿಂದಿರುಗಿದ ಮೇಲೆಯೇ ಅವರ ನಿಜವಾದ ಪರೀಕ್ಷೆಯು ಆರಂಭವಾಗುವದು.

ನೋಹನು ನಾವೆಯಲ್ಲಿ ಇದ್ದದ್ದು ನಾಲ್ವತ್ತು ದಿವಸವೆಂದು ಅನೇಕರು ತಿಳಿದಿದ್ದಾರೆ. ಅದು ಮಳೆ ಸುರಿದ ಅವಧಿ ಮಾತ್ರ. ಆತನ ಆಯುಷ್ಯದ 600ನೆಯ ವರುಷದ ಎರಡನೆಯ ತಿಂಗಳ 17ನೆಯ ದಿನದಲ್ಲಿ ಪ್ರಳಯವು ಪ್ರಾರಂಭವಾಯಿತು. ಮರುವರುಷ ಅದೇ ತಿಂಗಳ 27ನೆಯ ದಿನದಲ್ಲಿ ಭೂಮಿಯು ಒಣಗಿತು. ಮೊದಲು ಕಾಗೆಯನ್ನು, ಆಮೇಲೆ ಪಾರಿವಾಳವನ್ನು ಹೊರಗೆ ಬಿಟ್ಟು ಪರೀಕ್ಷಿಸಿದನು. ಪಾರಿವಾಳವು ಎಣ್ಣೆಯ ಮರದ ಹೊಸ ಚಿಗುರನ್ನು ತಂದಿತು. ಮೊದಲನೆಯ ತಿಂಗಳಲ್ಲೇ ನಾವೆಯ ಮುಚ್ಚಳವನ್ನು ತೆಗೆದು ನೆಲ ಆರುತ್ತಿರುವದನ್ನು ಕಂಡರೂ, ದೇವರ ಅಪ್ಪಣೆಯಾಗುವ ತನಕ ಆತನು ಹೊರಗೆ ಕಾಲಿಡಲಿಲ್ಲ. ನೀರು ಏರುವಾಗ ಕಾದುಕೊಂಡಿರುವದು ಸುಲಭ. ನೆಲ ಕಂಡ ಮೇಲೆ ಕಾಯುವದು ಕಷ್ಟ.

ನೀರು ಇಳಿದ ನೆಲವು ಹೇಗಿರುವದೆಂದು ಮಾಂಜ್ರಾ ನದಿಯ ದಂಡೆಯವರಿಗೆ ಹೇಳಬೇಕಾದದ್ದಿಲ್ಲ. 2016ನೆಯ ಇಸವಿಯ ಬೇಸಿಗೆಯಲ್ಲಿ ಬರವು ಎಷ್ಟಿತ್ತೆಂದರೆ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅದೇ ವರುಷದ ಮಳೆಗಾಲದ ಕೊನೆಗೆ ಈ ಸೀಮೆಯಲ್ಲಿ ಅತಿವೃಷ್ಟಿಯಾಗಿ ನದಿಯು ತುಂಬಿ ಹರಿಯಿತು. ಅಂಥ ಮಳೆಯಲ್ಲಿ ಕಟಾವಿಗೆ ಬಂದ ಉದ್ದು, ಹೆಸರು ಹೊಲದಲ್ಲೇ ಕೊಳೆಯುವವು. ಆಗ ಮನೆಯವರ ಕೈ ಮೊದಲು ಯಾವದಕ್ಕೆ ಹೋಗುವದು? ನೋಹನು ಕೆಸರಿನ ಲೋಕಕ್ಕೆ ಇಳಿದು ಮೊದಲು ಕಟ್ಟಿದ್ದು ಮನೆಯನ್ನಲ್ಲ, ಯಜ್ಞವೇದಿಯನ್ನು. ಸತ್ಯವೇದದಲ್ಲಿ ಹೇಳಲ್ಪಟ್ಟಿರುವ ಮೊತ್ತಮೊದಲನೆಯ ಯಜ್ಞವೇದಿಯು ಇದೇ. ಉಳಿದಿದ್ದ ಅಲ್ಪದರಲ್ಲಿಯೇ ಶುದ್ಧವಾದ ಪಶುಪಕ್ಷಿಗಳನ್ನು ಆರಿಸಿ ಸಮರ್ಪಿಸಿದನು. ಕೃತಜ್ಞತೆಯು ಸಮೃದ್ಧಿಗಾಗಿ ಕಾಯತಕ್ಕದ್ದಲ್ಲ.

ಆಗ ದೇವರು ಒಡಂಬಡಿಕೆ ಮಾಡಿಕೊಂಡು ಮುಗಿಲಿನಲ್ಲಿ ಬಿಲ್ಲನ್ನು ಗುರುತಾಗಿಟ್ಟನು. ಅದು ನೋಹನೊಬ್ಬನ ಸಂಗಡ ಮಾಡಿದ್ದಲ್ಲ; ಆತನ ಸಂತತಿಯೊಡನೆಯೂ ದನಕರು, ಪಕ್ಷಿ, ಮೃಗಗಳೊಡನೆಯೂ ಮಾಡಿದ್ದು. ಭೂಮಿ ಇರುವ ವರೆಗೆ ಬಿತ್ತನೆಯೂ ಕೊಯಿಲೂ ನಿಲ್ಲವೆಂಬ ವಾಗ್ದಾನವೂ ಆಯಿತು. ಇನ್ನು ಯಾವ ಹಳ್ಳಿಗೂ ನೆರೆ ಬಾರದೆಂದು ಇದರ ಅರ್ಥವಲ್ಲ. ಹಾಳಾದ ಹೊಲವನ್ನು ಮತ್ತೆ ಬಿತ್ತುವವನ ಶ್ರಮವು ಆಧಾರವಿಲ್ಲದ್ದಲ್ಲವೆಂದು ಅರ್ಥ. ಮನುಷ್ಯನು ದೇವಸ್ವರೂಪದಲ್ಲಿ ಸೃಷ್ಟಿಸಲ್ಪಟ್ಟವನಾದದರಿಂದ ಆತನ ರಕ್ತವನ್ನು ಸುರಿಸಬಾರದೆಂಬ ಆಜ್ಞೆಯೂ ಆಗಲೇ ಕೊಡಲ್ಪಟ್ಟಿತು.

ಇಲ್ಲಿಗೆ ಕಥೆಯನ್ನು ಮುಗಿಸಿದ್ದರೆ ಓದುವವರಿಗೆ ಹಿತವಾಗುತ್ತಿತ್ತು. ಆದರೆ ಸತ್ಯವೇದವು ತನ್ನ ಭಕ್ತರ ತಪ್ಪನ್ನು ಅಡಗಿಸುವದಿಲ್ಲ. ನೋಹನು ವ್ಯವಸಾಯಗಾರನಾಗಿ ದ್ರಾಕ್ಷೆಯ ತೋಟವನ್ನು ಮಾಡಿದನು. ಅದರ ರಸವನ್ನು ಕುಡಿದು ಅಮಲೇರಿ, ಗುಡಾರದಲ್ಲಿ ಬಟ್ಟೆಯ ಪರಿವೆಯಿಲ್ಲದೆ ಬಿದ್ದುಕೊಂಡನು. ಪ್ರಳಯವು ಕದಲಿಸಲಾರದವನನ್ನು ಒಂದು ಪಾತ್ರೆಯು ಕೆಡವಿತು. ಸಿಂದಿ ಸಾರಾಯಿಗಳಿಂದ ಹೊಲಮನೆಗಳನ್ನು ಕಳೆದುಕೊಂಡ ಸಂಸಾರಗಳನ್ನು ಬಲ್ಲ ನಮಗೆ ಇದು ದೂರದ ಸಂಗತಿಯಲ್ಲ. ಹಾಮನು ತಂದೆಯ ಅವಸ್ಥೆಯನ್ನು ನೋಡಿ ಹೊರಗೆ ಬಂದು ತಿಳಿಸಿದನು. ಶೇಮನೂ ಯೆಫೆತನೂ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಮುಖ ತಿರುಗಿಸಿ ಹಿಂದು ಹಿಂದಾಗಿ ನಡೆದು, ತಂದೆಗೆ ಹೊದಿಸಿದರು. ಹಿರಿಯರ ಮಾನವನ್ನು ಕಾಯುವ ಮಕ್ಕಳು ಧನ್ಯರು. ಆದರೂ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಹೊದಿಸುವದೆಂದರೆ ಕುಡಿತವನ್ನು ಪೋಷಿಸುವದಲ್ಲ, ಪೆಟ್ಟುಗಳನ್ನು ಮೌನವಾಗಿ ತಿನ್ನುವದೂ ಅಲ್ಲ. ಬಿದ್ದವನನ್ನು ನಗೆಗೀಡು ಮಾಡದೆ ಎಬ್ಬಿಸುವದೇ ಅದರ ಅರ್ಥ. ಏಳುವದಕ್ಕೆ ಬೇಕಾದ ಸಹಾಯವನ್ನು ಕೇಳುವದರಲ್ಲಿ ನಾಚಿಕೆಯಿಲ್ಲ.

ಎಚ್ಚತ್ತ ನೋಹನು ಹಾಮನ ಮಗನಾದ ಕಾನಾನನನ್ನು ಶಪಿಸಿದನು. ಈ ಮಾತಿನಿಂದ ಲೋಕಕ್ಕಾದ ಕೇಡು ಸಣ್ಣದಲ್ಲ. ಆಫ್ರಿಕದ ಕಪ್ಪುಜನರೆಲ್ಲರೂ ಹಾಮನ ವಂಶದವರು, ದಾಸರಾಗಲಿಕ್ಕೆ ಹುಟ್ಟಿದವರು ಎಂದು ಅಮೇರಿಕದ ದಾಸರ ಒಡೆಯರೂ ಅವರ ಬೋಧಕರಲ್ಲಿ ಕೆಲವರೂ ಇದನ್ನೇ ಆಧಾರ ಮಾಡಿಕೊಂಡು ವಾದಿಸಿದರು. ಆ ದೇಶದಲ್ಲಿ ದಾಸ್ಯವು 1865ರಲ್ಲಿ ರದ್ದಾಯಿತು. ಕ್ರೈಸ್ತರೆನಿಸಿಕೊಂಡವರೇ ಹೀಗೆ ಮಾಡಿದರೆಂಬದನ್ನು ನಾವು ತಗ್ಗಿದ ತಲೆಯಿಂದ ಒಪ್ಪಬೇಕು. ವಾಕ್ಯವನ್ನು ಸರಿಯಾಗಿ ಓದಿದ್ದರೆ ಶಾಪವು ಹಾಮನ ಹೆಸರಿನ ಮೇಲೆ ಇಲ್ಲವೆಂದೂ, ಅದು ದೇವರ ಬಾಯಿಂದ ಬಂದದ್ದಲ್ಲವೆಂದೂ ತಿಳಿಯುತ್ತಿತ್ತು. ದೇವರಾದರೋ ಅದಕ್ಕೆ ಮೊದಲೇ ನೋಹನನ್ನೂ ಮೂವರು ಮಕ್ಕಳನ್ನೂ ಸಮನಾಗಿ ಆಶೀರ್ವದಿಸಿದ್ದನು. ಮುಂದಿನ ಅಧ್ಯಾಯವು ಸಕಲ ಜನಾಂಗಗಳೂ ಒಂದೇ ಮನೆಯಿಂದ ಹೊರಟವೆಂದು ವಿವರಿಸುತ್ತದೆ. ಜನ್ಮದಿಂದಲೇ ಕೀಳೆಂಬ ಮಾತು ನಮ್ಮ ನಾಡಿಗೂ ಹೊಸದಲ್ಲ. ಅದನ್ನು ಈ ಜಿಲ್ಲೆಯ ಕಲ್ಯಾಣದಲ್ಲಿಯೇ 12ನೆಯ ಶತಮಾನದ ಶರಣರು ಅಲ್ಲಗಳೆದಿದ್ದರು. ಎಲ್ಲ ಕೇರಿಗಳ ಹುಡುಗಿಯರು ಒಂದೇ ಸಾಲಿನಲ್ಲಿ ಕೂತು ಅಕ್ಷರ ಕಲಿಯುವಾಗ ಆ ಹಳೆಯ ಸುಳ್ಳು ಪ್ರತಿದಿನವೂ ಖಂಡಿಸಲ್ಪಡುತ್ತದೆ.

ನಾವೆಯಿಂದ ಇಳಿದ ಎಂಟು ಜನರಲ್ಲಿ ನಾಲ್ವರು ಸ್ತ್ರೀಯರು. ಅವರ ಹೆಸರುಗಳನ್ನು ಆದಿಕಾಂಡವು ಹೇಳುವದಿಲ್ಲ. ಆದರೂ ಅವರಿಲ್ಲದಿದ್ದರೆ ಆ ಹೊಸ ಲೋಕದಲ್ಲಿ ಒಂದು ತೊಟ್ಟಿಲೂ ತೂಗುತ್ತಿರಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ನೋಹನ ಹೆಸರು ಬರುವದು ಆತನ ಬೀಳುವಿಕೆಗಾಗಿ ಅಲ್ಲ, ನಂಬಿಕೆಗಾಗಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗಲೂ ಕೆಸರಿನ ನೆಲದಲ್ಲಿ ನಿಂತಿರಬಹುದು. ಅಂಥವರು ಶಾಲೆಯನ್ನು ನೆನಸಿಕೊಳ್ಳಲಿ. ಮೊದಲು ಸ್ತೋತ್ರ, ಆಮೇಲೆ ಬಿತ್ತನೆ, ಬಿದ್ದವರ ಮೇಲೆ ಹೊದಿಕೆ ಎಂಬೀ ಕ್ರಮವನ್ನು ಮರೆಯದಿರಲಿ. ತಿರುಗಿ ಬೆಳೆಯನ್ನು ಕೊಡುವ ದೇವರು ಅವರ ಮನೆಗಳನ್ನು ಕಾಪಾಡಲಿ.