ಕಂಕನಾಡಿಯ ಫಾದರ್ ಮುಲ್ಲರ್



ನವೆಂಬರ್ 1 ಸಕಲ ಸಂತರ ಹಬ್ಬ. 1910ರಲ್ಲಿ ಅದೇ ದಿನ ಫಾದರ್ ಆಗಸ್ಟಸ್ ಮುಲ್ಲರ್ ಪ್ರಭುವಿನಲ್ಲಿ ನಿದ್ರಿಸಿದರು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ನಮ್ಮಲ್ಲಿ ಅನೇಕರಿಗೆ ಅದು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಹೆಸರು, ಅಷ್ಟೆ. ಕೋವಿಡ್ ಕಂಡ ನಮಗೆ ಅವರ ಬದುಕು ಈಗ ಬೇರೆಯೇ ರೀತಿ ಕಾಣುತ್ತದೆ.

ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೇಸುಸಭೆ ಸೇರಿ ಗುರುಗಳಾದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿ ಅವರೂ ಒಬ್ಬರು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ, ಕಾಯಿಲೆ ಎಂದು ಬಂದ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. ಮೊದಲು ಕೂತದ್ದು ಕಂಕನಾಡಿಯ ಆಲದ ಮರದ ಕೆಳಗೆ ಎಂದು ಹೇಳುತ್ತಾರೆ. ಆ ವರ್ಷವೇ ಅದು ಬಡವರ ಔಷಧಾಲಯವಾಯಿತು. ದೂರದ ಊರುಗಳಿಗೂ ಅಂಚೆಯಲ್ಲಿ ಔಷಧಿ ಕಳಿಸುತ್ತಿದ್ದರು, ಬಂದ ಹಣ ಬಡರೋಗಿಗಳ ಕೆಲಸಕ್ಕೆ ಹೋಗುತ್ತಿತ್ತು. 1890ರಲ್ಲಿ, ಮನೆಯವರೇ ಹೊರಗಿಟ್ಟ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನ ಆಸ್ಪತ್ರೆ ಕಟ್ಟಿದರು.

ಅಷ್ಟರಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು. ನಮ್ಮ ಊರುಗಳಿದ್ದ ನಿಜಾಮರ ರಾಜ್ಯವನ್ನೂ ಅದು ಬಿಡಲಿಲ್ಲ. ಕಂಕುಳಲ್ಲಿ, ತೊಡೆಸಂದಿನಲ್ಲಿ ಗೆಡ್ಡೆ ಎದ್ದರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತಿತ್ತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪುಣೆಯಲ್ಲಿ ಸೈನಿಕರು ರೋಗಿಗಳನ್ನು ಹುಡುಕಲು ಮನೆಯೊಳಗೆ ನುಗ್ಗಿದರು. ಅದರ ಸಿಟ್ಟಿಗೆ 1897ರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ಆಯಿತು. ಎಷ್ಟೋ ಕಡೆ ಜನ ರೋಗಿಗಳನ್ನು ಬಚ್ಚಿಟ್ಟರು. ರೋಗಕ್ಕಿಂತ ಆಸ್ಪತ್ರೆಗೇ ಹೆದರಿದ ಕಾಲ ಅದು.

1902ರಲ್ಲಿ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗು ಆಸ್ಪತ್ರೆ ತೆರೆದರು. ಅವರು ಹೊಸದಾಗಿ ಬಂದ ಅಧಿಕಾರಿಯಲ್ಲ. 22 ವರ್ಷ ಅವರ ಕೈಯಿಂದ ಔಷಧಿ ತಿಂದ ಊರು ಅದು. ಯಾರೂ ಮುಟ್ಟದ ಕುಷ್ಠರೋಗಿಗಳನ್ನು ಅವರು ಸಾಕಿದ್ದನ್ನು ಊರೇ ನೋಡಿತ್ತು. ಪ್ಲೇಗು ಬರುವ ಮೊದಲೇ ಜಾಗ ಇತ್ತು, ಕೆಲಸಕ್ಕೆ ಕೈಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ನಂಬಿಕೆ ಇತ್ತು. ಇದೇ ಅವರ ದೊಡ್ಡ ಸಿದ್ಧತೆ ಎಂದು ನಮ್ಮ ಎಣಿಕೆ.

ಗುಳಿಗೆಗಳಿಂದ ಪ್ಲೇಗು ವಾಸಿಯಾಗುತ್ತಿತ್ತೆಂದು, ವಿಜ್ಞಾನ ಓದಿದ ನಾವು ಹೇಳಲಾರೆವು. ಇಲಿಯ ಚಿಗಟದಿಂದ ಹರಡುವ ಆ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯೋಟಿಕ್ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ. ಆದರೆ ರೋಗಿಯನ್ನು ಬೇರೆಯಾಗಿ ಇರಿಸಿ, ನೀರು ಕುಡಿಸಿ, ಪಕ್ಕದಲ್ಲಿ ಕೂರುವುದು ಔಷಧಿ ಇಲ್ಲದ ಕಾಲದಲ್ಲಿ ಸಣ್ಣ ಕೆಲಸವಲ್ಲ. ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ತೀರಿಕೊಂಡಾಗ ಅವರಿಗೆ 69 ವರ್ಷ.

2020ರ ಮಾರ್ಚಿನಲ್ಲಿ ನಮ್ಮ ಬಳಿ ಏನಿತ್ತು? ಒಂಟಿಯಾಗಿರುವ ಅಜ್ಜ ಅಜ್ಜಿಯರು ಯಾರು, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿದೆ, ಯಾರಿಗೂ ಗೊತ್ತಿರಲಿಲ್ಲ. ತೆಲುಗು ಪೂಜೆಗೆ ಬರುವವರ ಪಟ್ಟಿ ಇತ್ತು, ಕನ್ನಡದ ಮನೆಗಳನ್ನು ನಾವೇ ಬರೆದಿಟ್ಟಿರಲಿಲ್ಲ. ಜ್ವರ ಬಂದದ್ದನ್ನು ಪಕ್ಕದ ಮನೆಗೂ ಹೇಳದವರಿದ್ದರು. ಅವರನ್ನು ಬೈದು ಫಲವಿಲ್ಲ, ಹೇಳಿಕೊಳ್ಳುವಷ್ಟು ನಾವು ಅವರ ಮನೆಗೆ ಹೋಗಿಯೇ ಇರಲಿಲ್ಲ.

ಈ ತಿಂಗಳು ಯುವಜನರು ಇಬ್ಬಿಬ್ಬರಾಗಿ ಕನ್ನಡದ ಮನೆಗಳಿಗೆ ಬರುತ್ತಿದ್ದೇವೆ. ಮನೆಯಲ್ಲಿರುವ ಹಿರಿಯರು, ದಿನವೂ ತೆಗೆದುಕೊಳ್ಳುವ ಮಾತ್ರೆ, ತುರ್ತಿಗೆ ಕರೆಯಬೇಕಾದ ನೆಂಟರ ಫೋನ್ ನಂಬರ್, ಇಷ್ಟನ್ನೇ ಬರೆದುಕೊಳ್ಳುತ್ತೇವೆ. ಪುಸ್ತಕ ಗುರುಗಳ ಬಳಿಯೇ ಇರುತ್ತದೆ. ಹಗಲು ಹೊಲಕ್ಕೋ ಕಲ್ಲಿನ ಗಣಿಗೋ ಹೋಗುವವರು ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಡಿಯ ಬಾಗಿಲಲ್ಲಿ ನಮಗೆ ಸಿಗಿ.